ತೇಲುವ ಜೆಟ್ಟಿ ಮತ್ತು ಅಲೆ ತಡೆ: ಹಲವು ಆಷಾಢ ಕಂಡ ಮೇಲೆ

ಕೆರೆಯಲ್ಲಿ ಎಂಥ ಅಲೆ ಅಂತ ಕೇಳುವವರು ಆಷಾಢದಲ್ಲಿ ನಮ್ಮ ಕಡೆ ಬರಬೇಕು. ಬೆಂಗಳೂರಿನ ಪೂರ್ವ ಅಂಚಿನ ಕೆರೆಯೊಂದರಲ್ಲಿ ನಾವು ಬೋಟಿಂಗ್ ನಡೆಸುತ್ತೇವೆ. ಮುಂಗಾರಿನ ಪಡುವಣ ಗಾಳಿ ಕೆರೆಯ ಉದ್ದಕ್ಕೂ ಓಡಿ ಬಂದು ನಮ್ಮ ದಡಕ್ಕೇ ಬಡಿಯುತ್ತದೆ. ಮುಕ್ಕಾಲು ಕಿಲೋಮೀಟರ್ ಬಯಲು ನೀರು ಸಿಕ್ಕರೆ ಸಾಕು, ಜೋರು ಗಾಳಿಗೆ ಗೇಣೆತ್ತರದ ಅಲೆ ಏಳುತ್ತದೆ. ಒಂದೆರಡು ಏಟಿಗೆ ಏನೂ ಆಗುವುದಿಲ್ಲ. ದೋಣಿ ಕಟ್ಟುವ ಜೆಟ್ಟಿಗೆ ರಾತ್ರಿಯಿಡೀ ಉಜ್ಜಿದರೆ ಫೈಬರ್ ದೋಣಿಯ ಅಂಚು ಸವೆದು ಒಳಗಿನ ನಾರು ಕಾಣುತ್ತದೆ.

ಆ ರಿಪೇರಿ ಖರ್ಚು ತಾಳಲಾರದೆ ಮರದ ಜೆಟ್ಟಿ ತೆಗೆಸಿ, ಎಚ್‌ಡಿಪಿಇ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಟೊಳ್ಳು ಡಬ್ಬಗಳ ತೇಲುವ ಜೆಟ್ಟಿ ಹಾಕಿಸಿದೆವು. ಅದರ ಮುಂದೆ ಅಲೆ ತಡೆಯಲು ಅದೇ ಡಬ್ಬಗಳ ಪಟ್ಟಿ. ಡಬ್ಬ ಒಂದಕ್ಕೆ 2,000 ರೂಪಾಯಿ ಹತ್ತಿರ ಬಿತ್ತು, ಜಿಎಸ್‌ಟಿ ಬೇರೆ. ಡಬ್ಬ ಅರ್ಧ ಮೀಟರ್ ಚೌಕ. ಒಂದು ಚದರ ಮೀಟರ್‌ಗೆ ನಾಲ್ಕು ಬೇಕು, ಅಂದರೆ 8,000. ಕೊಟೇಶನ್‌ನಲ್ಲಿ ದೊಡ್ಡದಾಗಿ ಕಾಣುವುದು ಇದೇ. ಲಂಗರು, ಸರಪಳಿ, ಹಗ್ಗ, ಕೂಲಿ ಎಲ್ಲ ಸೇರಿ ಹೆಚ್ಚು ಕಡಿಮೆ ಅಷ್ಟೇ ದುಡ್ಡು ಮತ್ತೆ ಹೋಯಿತು.

ಡಬ್ಬಗಳ ಮೇಲೆ ನನ್ನ ದೂರಿಲ್ಲ. ಬಣ್ಣ ಸ್ವಲ್ಪ ಮಾಸಿದೆ, ಬಿರುಕು ಬಿಟ್ಟಿಲ್ಲ. ಡಬ್ಬಗಳನ್ನು ಒಂದಕ್ಕೊಂದು ಜೋಡಿಸುವ ಮೂಲೆಯ ಪಿನ್ನುಗಳು ಮಾತ್ರ ಸಡಿಲವಾಗುತ್ತವೆ, ಆಗಾಗ ಬಿಗಿ ಮಾಡಬೇಕು.

ಆದರೆ ಅಲೆ ತಡೆಯ ವಿಷಯದಲ್ಲಿ ಹುಷಾರಾಗಿರಿ. ಮಾರುವವರು ಎರಡು ಡಬ್ಬ ಅಗಲದ ಪಟ್ಟಿ ಸಾಕು ಅಂದರು. ಅದು ಅಲೆಯ ಜೊತೆ ಸುಮ್ನೆ ಏರಿ ಇಳಿಯುತ್ತಿತ್ತು, ತಡೆದದ್ದು ಏನೂ ಇಲ್ಲ. ನಮ್ಮ ಕೆರೆಯ ದೊಡ್ಡ ಅಲೆಗಳಲ್ಲಿ ಒಂದು ತಲೆಯಿಂದ ಇನ್ನೊಂದು ತಲೆಗೆ ನಾಲ್ಕು ಮೀಟರ್ ಆಸುಪಾಸು ಇರುತ್ತದೆ. ತೇಲುವ ತಡೆಯ ಅಗಲ ಅದರ ಅರ್ಧದಷ್ಟಾದರೂ ಇದ್ದರೆ ಕೆಲಸ ಕಾಣುತ್ತದೆ. ನಾಲ್ಕು ಡಬ್ಬ ಅಗಲ ಮಾಡಿಸಿದೆವು. ಇನ್ನೊಂದು ಮುಖ್ಯ ವಿಷಯ, ಖಾಲಿ ಡಬ್ಬ ನೀರಿನ ಮೇಲೆ ಎಲೆಯ ಹಾಗೆ ಕೂತಿರುತ್ತದೆ, ಅಲೆ ಅಡಿಯಲ್ಲೇ ನುಸುಳಿ ಹೋಗುತ್ತದೆ. ಮುಚ್ಚಳ ತೆಗೆದು ಅರ್ಧಕ್ಕೆ ನೀರು ತುಂಬಿದ ಮೇಲೆ ಪಟ್ಟಿ ಆಳಕ್ಕೆ ಇಳಿಯಿತು. ಒಳಗೆ ಕಟ್ಟಿದ ದೋಣಿಗಳ ಕುಲುಕಾಟ ಅವತ್ತೇ ಕಡಿಮೆಯಾಯಿತು. ಈ ಕೆಲಸಕ್ಕೆ ಖರ್ಚು ಸೊನ್ನೆ. ಮಾರಿದವರು ಯಾಕೆ ಹೇಳಲಿಲ್ಲವೋ!

ಲಂಗರಿನಲ್ಲಿ ಉಳಿತಾಯ ಮಾಡಲೇಬೇಡಿ. 100 ಕೆಜಿ ಕಾಂಕ್ರೀಟ್ ದಿಮ್ಮಿ ನೀರಿಗಿಳಿದರೆ ಅದರ ಭಾರ 60 ಕೆಜಿಗೂ ಕಡಿಮೆ ಅನ್ನಿಸುತ್ತದೆ. ಅಷ್ಟು ಭಾರ ಅಲೆ ಎಳೆಯುವ ಎಳೆತಕ್ಕೆ ಸಾಲದು. ದೊಡ್ಡ ದಿಮ್ಮಿ ಹಾಕಿಸಿ, ಪಟ್ಟಿಯ ಎರಡೂ ಕಡೆಯಿಂದ ಎಳೆದು ಕಟ್ಟಿಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಸರಪಳಿ ಸಡಿಲವಾಗುತ್ತದೆ, ಮಳೆಗೆ ಕೆರೆ ತುಂಬಿದಾಗ ಬಿಗಿಯುತ್ತದೆ. ಯಾರಾದರೂ ನೋಡಿಕೊಂಡು ಸರಿಮಾಡುತ್ತಿರಬೇಕು.

ಜಾಗ ಆರಿಸುವಾಗ ಹಿಂದಿರುವ ದಡವನ್ನೂ ನೋಡಿ. ನೆಟ್ಟಗಿನ ಕಾಂಕ್ರೀಟ್ ಗೋಡೆಗೆ ಬಡಿದ ಅಲೆ ವಾಪಸ್ ಬರುತ್ತದೆ, ಗೋಡೆಯ ಬುಡದಲ್ಲಿ ಎತ್ತರ ಎರಡರಷ್ಟಾಗಬಹುದು. ನಮ್ಮ ಹಳೆಯ ಕೆರೆ ಏರಿಗಳ ಒಳಮೈಗೆ ಇಳಿಜಾರಾಗಿ ಕಲ್ಲು ಹಾಸಿರುವುದನ್ನು ನೋಡಿದ್ದೀರಲ್ವಾ? ಆ ಒರಟು ಕಲ್ಲಿನ ಮೇಲೆ ಅಲೆ ಒಡೆದು ಅಲ್ಲೇ ಸುಸ್ತಾಗುತ್ತದೆ. ಕಟ್ಟಿದವರ ಬುದ್ಧಿಗೆ ಕೈ ಮುಗಿಯಬೇಕು. ನಮ್ಮ ಜೆಟ್ಟಿಯನ್ನು ಗೋಡೆಯ ಕಡೆಯಿಂದ ಕಲ್ಲಿನ ಕಡೆಗೆ ಸರಿಸಿದ್ದರಿಂದಲೇ ಎಷ್ಟೋ ಉಳಿಯಿತು.

ದೋಣಿ ಕಟ್ಟಲು ನೈಲಾನ್ ಹಗ್ಗವೇ ಒಳ್ಳೆಯದು. ಅದು ಹಿಗ್ಗಿ ಏಟನ್ನು ನುಂಗುತ್ತದೆ. ಅಗ್ಗದ ಪಾಲಿಪ್ರೊಪಿಲಿನ್ ಹಗ್ಗ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ನಾವು ಸರಪಳಿ, ಬೋಲ್ಟು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಕೊಂಡೆವು. ಒಳ್ಳೆಯ ಹಗ್ಗಕ್ಕೆ ಮಂಗಳೂರಿನ ಮೀನುಗಾರಿಕೆ ಬಂದರಾದ ಧಕ್ಕೆಯ ಕಡೆ ಹೇಳಿ ತರಿಸಿದೆವು. ದೋಣಿಗೂ ಜೆಟ್ಟಿಗೂ ನಡುವೆ ಮೆತ್ತೆಯ ಹಾಗೆ ಹಾಕಲು ಹಳೆ ಟೈರು ಪುಕ್ಕಟೆ ಸಿಗುತ್ತದೆ, ಆದರೆ ಬಿಳಿ ದೋಣಿಗೆ ಕಪ್ಪು ಮೆತ್ತುತ್ತದೆ. ಅದರ ಬದಲು ಫೆಂಡರ್ ಅನ್ನುವ ಗಾಳಿ ತುಂಬಿದ ಮೆತ್ತೆಗೆ ಕೊಟ್ಟ ದುಡ್ಡು ನನಗೆ ಜಾಸ್ತಿ ಅನ್ನಿಸಲಿಲ್ಲ.

ಮಾರಿದವರ ವಾರ್ಷಿಕ ಸರ್ವಿಸ್ ಒಪ್ಪಂದ ಮಾತ್ರ ನಾವು ಮುಂದುವರಿಸಿಲ್ಲ. ಬಂದವರು ಮೇಲಿನ ಪಿನ್ನು ನೋಡಿ ಹೋಗುತ್ತಿದ್ದರು, ನೀರಿನಡಿಯ ಸರಪಳಿ ಮುಟ್ಟುತ್ತಿರಲಿಲ್ಲ. ಈಗ ಯುಗಾದಿ ಹೊತ್ತಿಗೆ ನೀರು ಇಳಿದಿರುವಾಗ ನಾವೇ ಸರಪಳಿ ಎತ್ತಿ, ಸವೆದ ಕೊಂಡಿ ಬದಲಿಸುತ್ತೇವೆ.