ಅಡಿಕೆ ಸುಲಿಯುತ್ತ ತೂಗಿದ 2022

ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರುವಾಯಿತೆಂದರೆ ನಮ್ಮ ಶಿರಸಿ ಕಡೆಯ ಜಗಲಿಗಳಲ್ಲಿ ರಾತ್ರಿ ಹನ್ನೊಂದಾದರೂ ದೀಪ ಆರುವುದಿಲ್ಲ. ಹಗಲು ಇಳಿಸಿದ ಹಸಿ ಅಡಿಕೆಯನ್ನು ರಾತ್ರಿಯೇ ಸುಲಿದು ಬೇಯಿಸಲು ತಯಾರು ಮಾಡಿಡಬೇಕು. ಏಳೆಂಟು ಜನ ಕತ್ತಿಯ ಮುಂದೆ ಕೂತರೆ ಕೈಗೆ ಕೆಲಸ ಇರುತ್ತದೆ, ಬಾಯಿಗೆ ಇರುವುದಿಲ್ಲ. ಅಜ್ಜನ ಕಾಲದಲ್ಲಿ ಯಾರ ಕೀಚಕ ಮೇಲು, ಯಾರ ಕೌರವ ಮೇಲು ಎಂದು ಯಕ್ಷಗಾನದ ಜಗಳ ಆಗುತ್ತಿತ್ತಂತೆ. ಈಗ ಸಿನಿಮಾ ಜಗಳ.

ಹೋದ ಕೊಯ್ಲಿನಲ್ಲಿ ಜಗಳ 2022ರ ಸುತ್ತ ಹತ್ತಿಕೊಂಡಿತು. ಕನ್ನಡದ ಮಟ್ಟಿಗೆ ಅದು ಹುಚ್ಚು ವರ್ಷ. ಏಪ್ರಿಲ್ 14ಕ್ಕೆ 'ಕೆಜಿಎಫ್ 2', ಜೂನ್ 10ಕ್ಕೆ '777 ಚಾರ್ಲಿ', ಸೆಪ್ಟೆಂಬರ್ 30ಕ್ಕೆ 'ಕಾಂತಾರ'. ಒಂದೇ ವರ್ಷದಲ್ಲಿ ಇಷ್ಟು ಸಲ ಟಾಕೀಸಿನ ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ. ಯಲ್ಲಾಪುರದ ಭಾವ ಕೆಜಿಎಫ್ ಪಕ್ಷ. ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದ ತಂಗಿ ಚಾರ್ಲಿ. ನಾನು ಕಾಂತಾರ. ಮೂವರೂ ಟಾಕೀಸಿನ ನೆನಪಿನ ಮೇಲೆಯೇ ವಾದಿಸುತ್ತಿದ್ದೆವು, ಹಾಗಾಗಿ ಯಾರೂ ಸೋಲುತ್ತಿರಲಿಲ್ಲ. ಕೊನೆಗೆ ದೊಡ್ಡಪ್ಪನೇ ದಾರಿ ಹೇಳಿದ. ದಿನಕ್ಕೊಂದು ಸಿನಿಮಾ ಜಗಲಿಯಲ್ಲಿ ಹಾಕುವುದು, ಮುಗಿದ ಮೇಲೆ ಸುಲಿದ ಅಡಿಕೆ ಎಷ್ಟು ಡಬ್ಬ ಎಂದು ಎಣಿಸುವುದು. ಯಾವ ರಾತ್ರಿ ಅಡಿಕೆ ಕಡಿಮೆಯೋ ಆ ಸಿನಿಮಾ ಹೆಚ್ಚು, ಯಾಕೆಂದರೆ ಕಣ್ಣು ಸಿಕ್ಕಿಬಿದ್ದರೆ ಕೈ ನಿಲ್ಲುತ್ತದೆ. ಮಾಲೀಕನೇ ಹೀಗೊಂದು ನಿಯಮ ಮಾಡಿದ್ದಕ್ಕೆ ದೊಡ್ಡಾಯಿ ಎರಡು ದಿನ ಗೊಣಗಿದಳು.

ಮೊದಲ ತಕರಾರು ವರ್ಷದ್ದೇ. ಯಾವ ದಿನಾಂಕ ಹಿಡಿಯಬೇಕು? ರಾಷ್ಟ್ರಪ್ರಶಸ್ತಿಯ ಲೆಕ್ಕ ಹಿಡಿದರೆ ಪೂರಾ ಗೋಜಲು. ಅಲ್ಲಿ ಸೆನ್ಸಾರ್ ಆದ ವರ್ಷ ಮುಖ್ಯ, ತೆರೆಗೆ ಬಂದ ವರ್ಷವಲ್ಲ. 2020ರ ಅತ್ಯುತ್ತಮ ಕನ್ನಡ ಚಿತ್ರ 'ಡೊಳ್ಳು', 2021ರದ್ದು 'ಚಾರ್ಲಿ', 2022ರದ್ದು 'ಕೆಜಿಎಫ್ 2'. ದಿಲ್ಲಿಯ ಪುಸ್ತಕದಲ್ಲಿ ಮೂರು ಬೇರೆ ಬೇರೆ ವರ್ಷ, ನಮಗೆ ಟಾಕೀಸಿನಲ್ಲಿ ಮೂರೂ ಸಿಕ್ಕಿದ್ದು 2022ರಲ್ಲೇ. ತೆರೆಗೆ ಬಂದ ದಿನವೇ ಹುಟ್ಟಿದ ದಿನ ಎಂದು ತೀರ್ಮಾನಿಸಿ, ಆಗಸ್ಟ್ 26ಕ್ಕೆ ಬಂದಿದ್ದ ಡೊಳ್ಳನ್ನೂ ಸೇರಿಸಿಕೊಂಡೆವು. ಅಪ್ಪು ಇದ್ದಾರೆಂದು 'ಗಂಧದ ಗುಡಿ'ಯೂ ಸೇರಿತು. 'ವಿಕ್ರಾಂತ್ ರೋಣ' ಬೇಡವೆಂದೆ. ಕನ್ನಡಕ ಹಾಕಿಕೊಂಡು ತ್ರೀಡಿಯಲ್ಲಿ ನೋಡಿದ್ದನ್ನು ಮೂವತ್ತೆರಡು ಇಂಚಿನ ಟಿವಿಯಲ್ಲಿ ತೂಗುವುದು ಅದಕ್ಕೆ ಮೋಸ. 'ಗಾಳಿಪಟ 2' ಕೂಡ ಹೊರಗೆ. ಅದರ ಹಾಡುಗಳಲ್ಲಿ ಗೋಕರ್ಣದ ಜಯಂತ ಕಾಯ್ಕಿಣಿ ಇದ್ದಾರೆ, ತೆರೆಯ ಮೇಲೆ ಅನಂತನಾಗ್ ಇದ್ದಾರೆ. ನಮ್ಮ ಜಿಲ್ಲೆಯ ಅಭಿಮಾನ ನಡುವೆ ಬಂದರೆ ತಕ್ಕಡಿ ನೆಟ್ಟಗೆ ನಿಲ್ಲುವುದಿಲ್ಲ.

ಮೊದಲ ರಾತ್ರಿ ಕೆಜಿಎಫ್. 168 ನಿಮಿಷ, ಒಂಬತ್ತು ಡಬ್ಬ. ಆ ಕೊಯ್ಲಿನ ದಾಖಲೆ ಅದೇ. ಭಾವನ ಮುಖ ನೋಡಬೇಕಿತ್ತು. ಆದರೆ ಇದನ್ನು ಬರೀ ಸೋಲು ಎನ್ನಲಾರೆ. ಪ್ರಶಾಂತ್ ನೀಲ್ ಸಿನಿಮಾ ಕಟ್ಟುವುದು ತಾಳದ ಮೇಲೆ. ಸಂಭಾಷಣೆ, ಹೊಡೆತ, ಹಿನ್ನೆಲೆ ಸಂಗೀತ ಎಲ್ಲ ಒಂದೇ ಬಡಿತಕ್ಕೆ ಬೀಳುತ್ತವೆ. ಆ ಬಡಿತ ಕೈಗೂ ಹತ್ತಿ ಕತ್ತಿ ತಾನಾಗಿಯೇ ಓಡಿತು. ಕಾರು ಅಟ್ಟಿಸಿಕೊಂಡು ಹೋಗುವಲ್ಲಿ ತುಣುಕು ತುಣುಕಿಗೂ ಪರದೆ ಕಪ್ಪಾಗುತ್ತದಲ್ಲ, ಟಾಕೀಸಿನಲ್ಲಿ ಅದಕ್ಕೇ ಶಿಳ್ಳೆ ಬಿದ್ದಿತ್ತು. ಜಗಲಿಯಲ್ಲಿ ದೊಡ್ಡಪ್ಪ, "ಮಾಣಿ, ಕರೆಂಟು ಕೈಕೊಡ್ತಾ ಇದ್ದು, ಇನ್ವರ್ಟರ್ ನೋಡು" ಎಂದ. ಯಶ್ ತೆರೆಯ ಮೇಲೆ ನಡೆದು ಬಂದರೆ ಸಾಕು, ಈಗಲೂ ಚೊಲೋ. ಆದರೆ ಮೊದಲ ಭಾಗದಲ್ಲಿ ಅನಂತನಾಗ್ ಕತೆ ಹೇಳುತ್ತಿದ್ದ ಆ ನಿಧಾನದ ಖದರು ಇಲ್ಲಿಲ್ಲ. ಪ್ರಕಾಶ್ ರಾಜ್ ಕೆಟ್ಟದಾಗಿ ಮಾಡಿಲ್ಲ, ಆದರೂ ಬರೆದವನ ಮಗ ಬಂದು ಅಪ್ಪನ ಪುಸ್ತಕ ಓದಿದ ಹಾಗೆ. ನನಗೆ ದೊಡ್ಡ ದೂರು ಒಂದೇ: ಎರಡನೇ ಸಲ ನೋಡುವಾಗ ಕೊನೆಯ ದೃಶ್ಯದ ತನಕ ರಾಕಿ ಸಾಯುವುದಿಲ್ಲ ಎಂಬುದು ಗೊತ್ತಿರುತ್ತದೆ, ಸಾಯಬಹುದೆಂಬ ಭಯವನ್ನು ಸಿನಿಮಾ ಅಲ್ಲಿಯವರೆಗೂ ಹುಟ್ಟಿಸುವುದಿಲ್ಲ. "ರಾಷ್ಟ್ರಪ್ರಶಸ್ತಿ ಕೊಟ್ಟವಕ್ಕೆ ಬುದ್ಧಿ ಇಲ್ಯನ?" ಎಂದು ಭಾವ ಎದ್ದು ಹೋದ.

ಮರುದಿನ ಚಾರ್ಲಿ. ತಂಗಿಗೆ ಹೇಳಿದ್ದೆ, ನಾಯಿಯ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಎರಡನೇ ಸಲಕ್ಕೆ ಕಣ್ಣೀರು ಬರುವುದಿಲ್ಲ ಎಂದು. ತಪ್ಪಾಯಿತು. ಮೊದಲ ಸಲ ಚಾರ್ಲಿ ಟಿವಿಯಲ್ಲಿ ಹಿಮ ನೋಡಿ ಕುಣಿಯುವಾಗ ಅದು ಬರೀ ಮುದ್ದು. ಈ ಸಲ ಆ ದೃಶ್ಯ ಬರುತ್ತಿದ್ದಂತೆಯೇ ಏಳರಲ್ಲಿ ನಾಲ್ಕು ಕತ್ತಿ ನಿಂತವು. ಮುಂದೆ ಏನೆಂದು ಗೊತ್ತಿದ್ದದ್ದೇ ಭಾರವಾಗಿತ್ತು. ನಿರ್ದೇಶಕ ಕಿರಣ್‌ರಾಜ್ ಅಳಿಸಬೇಕೆಂದೇ ಕೂತು ಬರೆದಿದ್ದಾರೆ ಎಂಬ ನನ್ನ ಅನುಮಾನ ಈಗಲೂ ಹಾಗೇ ಇದೆ, ದ್ವಿತೀಯಾರ್ಧದ ಪ್ರಯಾಣದಲ್ಲಿ ಒಂದಿಪ್ಪತ್ತು ನಿಮಿಷ ಕಡಿದಿದ್ದರೆ ಏನೂ ನಷ್ಟವಿರಲಿಲ್ಲ. ಆದರೆ ರಕ್ಷಿತ್ ಶೆಟ್ಟಿಯ ಧರ್ಮ ಮೊದಲರ್ಧದಲ್ಲಿ ಯಾರೊಂದಿಗೂ ಮಾತಾಡದೆ ಇಡ್ಲಿ ತಿಂದು ಮಲಗುವುದನ್ನು ಆತುರವಿಲ್ಲದೆ ತೋರಿಸಿದ್ದಾರಲ್ಲ, ಅದರ ಬಡ್ಡಿ ಕೊನೆಯಲ್ಲಿ ಸಿಗುತ್ತದೆ. ತಳಿಗಾಗಿ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಹಾಕಿಸುವವರ ವಿಷಯ ಭಾಷಣವಾಗದೆ ಕತೆಯೊಳಗೇ ಬರುತ್ತದೆ, ಅದೂ ಮೆಚ್ಚುಗೆ.

ಐದೇ ಡಬ್ಬ. ಕೊನೆಯ ಅರ್ಧ ಗಂಟೆಯಲ್ಲಿ ಒಂದೂ ಅಡಿಕೆ ಸುಲಿದಿಲ್ಲ. ಅಂಗಳದ ಕಾಳ ಯಾವಾಗಲೋ ಜಗಲಿ ಹತ್ತಿ ಸಿಪ್ಪೆಯ ರಾಶಿಯ ಮೇಲೆ ಮಲಗಿತ್ತು. ಬೇರೆ ದಿನವಾಗಿದ್ದರೆ "ನಾಯಿ ಒಳಗೆ ಬಂಜು" ಎಂದು ಕೂಗುವ ದೊಡ್ಡಾಯಿ ಅವತ್ತು ಸುಮ್ಮನಿದ್ದಳು.

ಮೂರನೇ ರಾತ್ರಿಯದು ನನ್ನ ಕುದುರೆ. 2022ರ ಅಕ್ಟೋಬರಿನಲ್ಲಿ ಕಾಂತಾರ ನೋಡಿ ಟಾಕೀಸಿನಿಂದ ಹೊರಬಂದಾಗ ನನಗೆ ಹತ್ತು ನಿಮಿಷ ಮಾತು ಹೊರಟಿರಲಿಲ್ಲ. ವರ್ಷಗಟ್ಟಲೆ ಸಿನಿಮಾ ನೋಡದ ಮುದುಕರು ಟೆಂಪೋ ಮಾಡಿಕೊಂಡು ಬಂದಿದ್ದರು. ನಮ್ಮಲ್ಲಿ ಕೋಲ ಇಲ್ಲ, ಅದು ಕುಂದಾಪುರದಿಂದಾಚೆಯ ಲೋಕ. ನಮಗಿರುವುದು ಭೂತಪ್ಪ, ಚೌಡಿ, ಜಟಗ. ಆದರೂ ದೈವಕ್ಕೆ ಕೈಮುಗಿಯುವ ರೀತಿ ಪರಿಚಯದ್ದೇ ಆಗಿತ್ತು. ಜಗಲಿಯಲ್ಲಿ ಅದೇ ಸಿನಿಮಾ ಬೇರೆಯಾಗಿ ಕಂಡಿತು. ಶಿವ ಲೀಲಾಳ ಸೊಂಟ ಚಿವುಟುವಾಗ ಟಾಕೀಸು ನಕ್ಕಿತ್ತು, ಇಲ್ಲಿ ತಂಗಿ ಕತ್ತಿ ನಿಲ್ಲಿಸಿ ನನ್ನ ಕಡೆ ನೋಡಿದಳು. "ಇಂವ ಬೆಂಗಳೂರಲ್ಲಿ ಹಿಂಗೆ ಮಾಡಿದ್ರೆ ಸ್ಟೇಷನ್ನಿಗೆ ಹೋಗ್ತಿದ್ದ" ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ನಡುವಿನ ಅರ್ಧ ಗಂಟೆ ಕುಡಿತ, ಬೇಟೆ, ಗೆಳೆಯರ ತಮಾಷೆಯಲ್ಲಿ ಎಳೆದಾಡುತ್ತದೆ ಎಂಬುದನ್ನೂ ಒಪ್ಪಬೇಕಾಯಿತು.

ಆದರೆ ಬೇರಾವ ಸಿನಿಮಾಕ್ಕೂ ಆಗದ ಜಗಳ ಇದಕ್ಕಾಯಿತು. ದೈವದ ಬಗ್ಗೆ ಅಲ್ಲ, ಕಿಶೋರ್ ಮಾಡಿದ ಅರಣ್ಯಾಧಿಕಾರಿ ಮುರಳೀಧರನ ಬಗ್ಗೆ. ಜಿಲ್ಲೆಯ ನೆಲದ ಮುಕ್ಕಾಲು ಪಾಲಿಗಿಂತ ಹೆಚ್ಚು ಕಾಡೇ ಇರುವ ನಮ್ಮಲ್ಲಿ ಬೇಲಿ ಎಲ್ಲಿ ಎಂಬ ಪ್ರಶ್ನೆ ಮದುವೆ ಮನೆಯಲ್ಲೂ ಏಳುತ್ತದೆ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವ ಬೆಟ್ಟ ನಮ್ಮ ಸ್ವಾಧೀನದಲ್ಲಿರುತ್ತದೆ, ಆದರೆ ನಮ್ಮದಲ್ಲ. ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡವರದು ಇನ್ನೊಂದು ಕತೆ, 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ ಹಿಡಿದು ಓಡಾಡುವುದು ತಪ್ಪಿಲ್ಲ. ಸುಲಿಯಲು ಬಂದಿದ್ದ ಅಕ್ಕ ಒಬ್ಬಳು, ಮುರಳೀಧರ ಸರ್ವೆ ಕಲ್ಲು ಹಾಕಿಸುವಾಗ, "ನಮ್ಮನೆ ಹಿತ್ಲಲ್ಲೂ ಹಿಂಗೇ ಬಂದಿದ್ರು" ಎಂದು ಮೆಲ್ಲಗೆ ಹೇಳಿದಳು. ಅದಕ್ಕೆ ಭಾವ, ಕಾನೂನು ಪಾಲಿಸುವವನು ಖಳನಾಯಕ ಹೇಗಾಗುತ್ತಾನೆ, ಸಿನಿಮಾದಲ್ಲಿ ಬೇಟೆಯಾಡುವವರು ಊರವರೇ ಅಲ್ಲವೇ ಎಂದ. ದೊಡ್ಡಪ್ಪ 1983ಕ್ಕೆ ಹೋದ. ಆ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತಿದ್ದು ಇಲಾಖೆಯೇ ಅನುಮತಿ ಕೊಟ್ಟ ಕಡಿತದ ವಿರುದ್ಧ, ಅಲ್ಲಿ ಕಾಡು ಕಾದವರು ಊರವರು. ಸಿನಿಮಾ ಕೊನೆಯಲ್ಲಿ ಇಬ್ಬರ ಕೈಯನ್ನೂ ಸೇರಿಸಿ ಮುಗಿಸುತ್ತದೆ. ಆ ಕೈ ಸೇರಿದ ಮೇಲೆ ಪಟ್ಟಾ ಸಿಕ್ಕಿತೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ನನಗೆ ಈ ಸಲ ಅದೇ ಕೊರತೆ ಎನಿಸಿತು.

ಕೊನೆಯ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಕರೆಂಟು ಹೋಯಿತು. ಈ ಸಲ ನಿಜವಾಗಿ ಹೋಯಿತು, ಇನ್ವರ್ಟರೂ ಕೈಚೆಲ್ಲಿತು. ಅಷ್ಟರೊಳಗೆ ಆರು ಡಬ್ಬ ಆಗಿತ್ತು. ಪೂರ್ತಿ ನೋಡಿದ್ದರೆ ಎಷ್ಟೆಂದು ಹೇಗೆ ಹೇಳುವುದು? ಆ ಇಪ್ಪತ್ತು ನಿಮಿಷ ರಿಷಬ್ ಶೆಟ್ಟಿ ಮಾಡಿದ್ದಕ್ಕೆ ಯಾವ ಕತ್ತಿಯೂ ಓಡುತ್ತಿರಲಿಲ್ಲ ಎಂಬುದು ನನ್ನ ವಾದ. ರಾಷ್ಟ್ರಪ್ರಶಸ್ತಿಯಲ್ಲಿ ಅತ್ಯುತ್ತಮ ನಟ ಸುಮ್ಮನೆ ಆಗಲಿಲ್ಲ. "ಕಾಣದ್ದಕ್ಕೆ ಅಂಕ ಇಲ್ಲೆ" ಎಂದು ಭಾವ ತೀರ್ಪು ಕೊಟ್ಟ. ಮರುದಿನ ಹಗಲು ಉಳಿದದ್ದನ್ನು ನೋಡಿದೆವು, ಆದರೆ ಹಗಲಿನ ಕೋಲ ಕೋಲವೇ ಅಲ್ಲ.

ಗಂಧದ ಗುಡಿಯನ್ನು ಅಮೋಘವರ್ಷ ಮಾಡಿದ್ದು, ಒಂದೂವರೆ ತಾಸು ಚಿಲ್ಲರೆ, ನಾಲ್ಕು ಡಬ್ಬ. ತಾಸಿನ ಲೆಕ್ಕದಲ್ಲಿ ಅದು ಕಾಂತಾರದ ಆಸುಪಾಸಿಗೇ ಬಂದು ನಿಲ್ಲುತ್ತದೆ. ಅಪ್ಪು ತೀರಿಕೊಂಡು ಒಂದು ವರ್ಷ ತುಂಬುವ ಹಿಂದಿನ ದಿನ ತೆರೆಗೆ ಬಂದ ಚಿತ್ರವನ್ನು ಚಿತ್ರವಾಗಿ ಹೇಗೆ ತೂಗುವುದು? ಹಸಿರು ನೋಡಲು ನಮಗೆ ಟಿವಿ ಬೇಕಿಲ್ಲ. ಆದರೆ ಅವರು ನೇತ್ರಾಣಿಯಲ್ಲಿ ಕಡಲಿಗಿಳಿಯುವಾಗ ಎಲ್ಲರೂ ಮುಂದಕ್ಕೆ ಬಾಗಿದೆವು. ಮುರ್ಡೇಶ್ವರಕ್ಕೆ ಹೋದಾಗಲೆಲ್ಲ ಆ ದ್ವೀಪ ದೂರದಲ್ಲಿ ಕಂಡಿದೆ, ಅದರ ಬುಡದಲ್ಲಿ ಏನಿದೆ ಎಂದು ನಮ್ಮವರು ಯಾರೂ ಕಂಡವರಲ್ಲ. "ಎಷ್ಟು ಚೊಲೋ ನಗ್ತಾ ಇದ್ದ ನೋಡು" ಎಂದಳು ದೊಡ್ಡಾಯಿ, ಮೂರು ಸಲ. ಅದನ್ನು ಪಟ್ಟಿಯಿಂದ ತೆಗೆದೆವು, ಯಾರೂ ವಾದಿಸಲಿಲ್ಲ.

ಕೊನೆಯ ರಾತ್ರಿ ಡೊಳ್ಳು, ಸಾಗರ್ ಪುರಾಣಿಕರದು. ನಮ್ಮಲ್ಲಿ ಯಾರೂ ಟಾಕೀಸಿನಲ್ಲಿ ನೋಡಿರಲಿಲ್ಲ. ಡೊಳ್ಳಿನ ತಂಡದ ಹುಡುಗರು ಒಬ್ಬೊಬ್ಬರೇ ಬೆಂಗಳೂರಿಗೆ ಹೋಗುತ್ತಾರೆ, ದೇವರ ಮುಂದೆ ಡೊಳ್ಳು ಬಾರಿಸಲು ಜನ ಇಲ್ಲ, ಭದ್ರ ಅವರನ್ನು ಕರೆತರಲು ಹೋಗುತ್ತಾನೆ. ಇಷ್ಟೇ ಕತೆ. ಕೆಲವು ದೃಶ್ಯ ನಾಟಕದ ಹಾಗಿವೆ, ಮಾತು ಕೆಲವೆಡೆ ಪಾಠ ಹೇಳುತ್ತದೆ. ಡಬ್ಬ ಎಂಟು ಆಯಿತು, ಕೆಜಿಎಫ್ ಮಟ್ಟಿಗೆ. ನಮ್ಮ ಅಳತೆ ಕೈಕೊಟ್ಟದ್ದು ಇಲ್ಲೇ. ಕೈ ಓಡುತ್ತಲೇ ಇತ್ತು, ಆದರೆ ಐದು ರಾತ್ರಿಗಳಲ್ಲಿ ಜಗಲಿಯಲ್ಲಿ ಮಾತೇ ಇಲ್ಲದೆ ಹೋದದ್ದು ಅದೊಂದೇ ರಾತ್ರಿ. ಬೆಂಗಳೂರಿಗೆ ಹೋದ ಹುಡುಗನೊಬ್ಬ ನಾನೇಕೆ ಬರಲಿ ಎಂದಾಗ ತಂಗಿ ತಲೆ ಎತ್ತಲಿಲ್ಲ, ದೊಡ್ಡಪ್ಪನೂ ಎತ್ತಲಿಲ್ಲ. ಅವನ ಇಬ್ಬರು ಮಕ್ಕಳೂ ಅಲ್ಲೇ ಇದ್ದಾರೆ.

ಜಗಲಿಯ ಕಂಬಕ್ಕೆ ಸೀಮೆಸುಣ್ಣದಲ್ಲಿ ಬರೆದ ಪಟ್ಟಿ ಹೀಗಿದೆ: ಚಾರ್ಲಿ, ಕಾಂತಾರ, ಡೊಳ್ಳು, ಕೆಜಿಎಫ್. ಟಾಕೀಸಿನಲ್ಲಿ ಕೂರಿಸಿ ಕೇಳಿದ್ದರೆ ನಾನು ಕಾಂತಾರವನ್ನು ಮೇಲಿಡುತ್ತಿದ್ದೆ, ಕೆಜಿಎಫನ್ನು ಎರಡರಲ್ಲಿಡುತ್ತಿದ್ದೆ, ಡೊಳ್ಳು ಪಟ್ಟಿಯಲ್ಲೇ ಇರುತ್ತಿರಲಿಲ್ಲ. ತಾಸಿನ ಲೆಕ್ಕ ಹಿಡಿದರೆ ಡೊಳ್ಳಿಗೆ ಮೂರನೇ ಸ್ಥಾನ ಅಷ್ಟು ಸುಲಭವಲ್ಲ ಎಂದು ಭಾವ ಇನ್ನೂ ಫೋನು ಮಾಡುತ್ತಾನೆ. ಅವನ ಮಾತಿನಲ್ಲಿ ಸತ್ಯ ಇದೆ, ನಾನು ಒಪ್ಪುವುದಿಲ್ಲ.

ಈ ಸಲದ ಕೊಯ್ಲಿಗೆ 2016 ಎಂದು ನಿಶ್ಚಯವಾಗಿದೆ. ಕೊಯ್ಲಿಗೆ ಇನ್ನೂ ತಿಂಗಳಿದೆ, ತಕರಾರು ಆಗಲೇ ಎದ್ದಿದೆ. 'ತಿಥಿ'ಗೆ ರಾಷ್ಟ್ರಪ್ರಶಸ್ತಿ ಬಂದದ್ದು 2015ರ ಲೆಕ್ಕದಲ್ಲಿ, ತೆರೆಗೆ ಬಂದದ್ದು 2016ರ ಮೇ ತಿಂಗಳಲ್ಲಿ. ನಮ್ಮ ನಿಯಮದ ಪ್ರಕಾರ ಅದು ಸೇರುತ್ತದೆ. 'ಕಿರಿಕ್ ಪಾರ್ಟಿ' ಡಿಸೆಂಬರ್ 30ಕ್ಕೆ ಬಂದದ್ದು. ನಾವೆಲ್ಲ ಅದನ್ನು ನೋಡಿದ್ದು 2017ರಲ್ಲಿ, ಹಾಗಾಗಿ ಅದು ಬೇಡ ಎನ್ನುತ್ತಾಳೆ ತಂಗಿ. ತೆರೆಗೆ ಬಂದ ದಿನವೇ ಹುಟ್ಟಿದ ದಿನ ಎಂದು ಹೋದ ವರ್ಷ ಒಪ್ಪಿದವಳು ಅವಳೇ.