ಜಿಐ, ಯುಪಿವಿಸಿ, ಸಿಪಿವಿಸಿ: ಯಾವ ಪೈಪ್ ಎಲ್ಲಿಗೆ?

ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಕತ್ತರಿಸಿ ಒಳಗೆ ನೋಡಿದ್ದೀರಾ? ತುಕ್ಕು ಕಟ್ಟಿ ಕಟ್ಟಿ, ಬೆರಳು ಹೋಗುವ ಜಾಗದಲ್ಲಿ ಪೆನ್ಸಿಲ್ ತೂರುವುದೂ ಕಷ್ಟ. ಪೆಟ್ಟು ತಡೆಯುವುದರಲ್ಲಿ ಅದು ಗಟ್ಟಿಗ, ನಿಜ. ಆದರೂ ಗೋಡೆಯೊಳಗೆ ಹೂಳುವುದಕ್ಕೆ ನಾನಂತೂ ಬೇಡ ಅಂತೀನಿ.

ಯುಪಿವಿಸಿ, ಸಿಪಿವಿಸಿ ಎರಡೂ ಪ್ಲಾಸ್ಟಿಕ್ ಪೈಪ್, ಹಾಗಾಗಿ ತುಕ್ಕಿನ ಕಾಟವಿಲ್ಲ. ವ್ಯತ್ಯಾಸ ಗೊತ್ತಾಗುವುದು ಬಿಸಿನೀರಿನಲ್ಲಿ. ಯುಪಿವಿಸಿಗೆ 60 ಡಿಗ್ರಿ ಸೆಲ್ಸಿಯಸ್ಸೇ ಮಿತಿ, ಆಮೇಲೆ ಮೆತ್ತಗಾಗುತ್ತದೆ. ಸಿಪಿವಿಸಿ ಸುಮಾರು 93 ಡಿಗ್ರಿವರೆಗೂ ತಡೆಯುತ್ತದೆ. ಗೀಸರ್ ಲೈನಿಗೆ ಅದೇ ಸರಿ. ಬರೀ ತಣ್ಣೀರಿಗೆ ಸುಮ್ನೆ ಜಾಸ್ತಿ ದುಡ್ಡು ಯಾಕೆ, ಯುಪಿವಿಸಿ ಸಾಕಲ್ವಾ? ವರ್ಷಗಟ್ಟಲೆ ಬಿಸಿಲು ಬಿದ್ದರೆ ಎರಡೂ ಪೆಡಸಾಗುತ್ತವೆ.

ಅಂಟನ್ನು ಮಾತ್ರ ಅದಲುಬದಲು ಮಾಡಬೇಡಿ. ಸಿಪಿವಿಸಿಗೆ ಅದರದೇ ಸಾಲ್ವೆಂಟ್ ಸಿಮೆಂಟ್ ಬೇಕು, ಇಲ್ಲದಿದ್ದರೆ ಬಿಸಿನೀರು ಹರಿದಾಗ ಜಾಯಿಂಟ್ ಬಿಟ್ಟುಕೊಳ್ಳಬಹುದು.