ನಾಸ್ಕಾರ್ ರೇಸಿಂಗ್ 2003 ಸೀಸನ್: ಇಷ್ಟು ವರ್ಷ ಹಿಡಿದಿಟ್ಟಿದ್ದು ಅದರ ಗ್ಯಾರೇಜ್

ಅಮೆರಿಕದ ನಾಸ್ಕಾರ್ ಕಾರ್ ರೇಸನ್ನು ಕಂಪ್ಯೂಟರ್‌ನಲ್ಲಿ ಆಡಿಸುವ, ಪ್ಯಾಪೈರಸ್ ಕಂಪನಿ ಮಾಡಿದ ಈ ಆಟ ಬಂದಿದ್ದು 2003ರಲ್ಲಿ. ಆಮೇಲೆ ಹೊಸ ಆಟಗಳು ಎಷ್ಟೋ ಬಂದವು, ಕೆಲವನ್ನು ಆಡಿಯೂ ನೋಡಿದೆ. ಆದರೂ ವಾರಕ್ಕೆ ಎರಡು ಮೂರು ರಾತ್ರಿ ನಾನು ಕೂರುವುದು ಇದರ ಮುಂದೆಯೇ. ಗ್ರಾಫಿಕ್ಸ್ ಹಳೆಯದು, ಅದು ಬಿಡಿ. ಗ್ಯಾರೇಜ್‌ನಲ್ಲಿ, ಅಂದರೆ ಆಟದೊಳಗೆ ಕಾರನ್ನು ಹದ ಮಾಡುವ ಜಾಗದಲ್ಲಿ, ಏನು ಬದಲಿಸಿದರೂ ಅದು ಸ್ಟಿಯರಿಂಗ್ ಹಿಡಿದ ಕೈಗೆ ಗೊತ್ತಾಗುತ್ತದೆ. ನನಗೆ ಬೇಕಾಗಿದ್ದು ಅದೇ.

ಶುರುವಿನಲ್ಲಿ ಯಾವುದೋ ಸೈಟಿನಲ್ಲಿ ಸಿಕ್ಕ ರೆಡಿಮೇಡ್ ಸೆಟಪ್ (ಟೈರ್ ಗಾಳಿ, ಸ್ಪ್ರಿಂಗ್ ಇತ್ಯಾದಿಗಳ ಹೊಂದಾಣಿಕೆ) ಹಾಕಿಕೊಂಡು ಓಡಿಸುತ್ತಿದ್ದೆ. ಮೊದಲ ಮೂರು ಸುತ್ತು ಬಾಣದ ಹಾಗೆ ಹೋಗುತ್ತಿತ್ತು. ಹದಿನೈದನೇ ಸುತ್ತಿಗೆ ಹಿಂಬದಿ ಜಾರಿ ಸೀದಾ ಗೋಡೆಗೆ! ಅದು ಕ್ವಾಲಿಫೈಯಿಂಗ್‌ಗೆ, ಅಂದರೆ ರೇಸಿಗೆ ಮುಂಚೆ ಸಾಲಿನ ಜಾಗ ತೀರ್ಮಾನಿಸುವ ಒಂದೆರಡು ವೇಗದ ಸುತ್ತಿಗೆ ಮಾಡಿದ ಸೆಟಪ್. ಹಾಗಂತ ಹಾಕಿದವರು ಎಲ್ಲೂ ಬರೆದಿರಲಿಲ್ಲ.

ಈಗ ಎಲ್ಲವನ್ನೂ ನಾನೇ ಹದ ಮಾಡಿಕೊಳ್ಳುತ್ತೇನೆ. ವರ್ಜೀನಿಯಾದ ಮಾರ್ಟಿನ್ಸ್‌ವಿಲ್ ಟ್ರ್ಯಾಕನ್ನೇ ತಗೊಳ್ಳಿ. ಬರೀ 0.526 ಮೈಲಿ, ಪೇಪರ್ ಕ್ಲಿಪ್ ಆಕಾರ, ತಿರುವಿಗೆ ಕಾಂಕ್ರೀಟ್, ನೇರ ದಾರಿಗೆ ಡಾಂಬರು. ನನ್ನ ಕಾರು ತಿರುವಿನ ನಡುವೆ ಟೈಟ್ ಆಗುತ್ತಿತ್ತು. ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಮೂತಿ ಒಳಗೆ ಬರುತ್ತಿರಲಿಲ್ಲ. ಇಪ್ಪತ್ತು ಸುತ್ತು ಓಡಿಸಿ ಬಂದು ಟೈರಿನ ಬಿಸಿ ನೋಡಿದೆ. ಒಳ ಅಂಚು, ನಡು, ಹೊರ ಅಂಚು ಅಂತ ಒಂದೊಂದು ಟೈರಿಗೂ ಮೂರು ಅಂಕಿ. ಬಲ ಮುಂದಿನ ಟೈರು ಉಳಿದವಕ್ಕಿಂತ ತುಂಬಾ ಕಾದಿತ್ತು, ಅದರಲ್ಲೂ ನಡುಭಾಗ. ನಡು ಜಾಸ್ತಿ ಕಾದರೆ ಗಾಳಿ ಜಾಸ್ತಿ ಅಂತ ಲೆಕ್ಕ. ಸ್ವಲ್ಪ ಗಾಳಿ ಇಳಿಸಿದೆ, ಮತ್ತೆ ಇಪ್ಪತ್ತು ಸುತ್ತು. ಮೂರೂ ಅಂಕಿ ಹತ್ತಿರ ಬಂದವು. ಟೈಟ್ ಮಾತ್ರ ಹೋಗಲಿಲ್ಲ.

ಆಮೇಲೆ ವೆಜ್ ಮುಟ್ಟಿದೆ. ಕಾರಿನ ಭಾರದಲ್ಲಿ ಬಲ ಮುಂದಿನ ಮತ್ತು ಎಡ ಹಿಂದಿನ ಚಕ್ರಗಳು ಹೊರುವ ಪಾಲು ಅದು. ಏರಿಸಿದರೆ ಕಾರು ಟೈಟ್, ಇಳಿಸಿದರೆ ಲೂಸ್, ಅಂದರೆ ಹಿಂಬದಿ ಜಾರುವುದು. ಒಂದು ಚೂರು ಇಳಿಸಿದೆ ಅಷ್ಟೆ. ಬ್ರೇಕ್ ಬಿಟ್ಟ ಕೂಡಲೇ ಮೂತಿ ಒಳಗಿನ ಕಟ್ಟೆಯ ಕಡೆ ತಿರುಗಿತು. ಆ ಕ್ಷಣದ ಖುಷಿ ಗೆದ್ದಾಗಲೂ ಸಿಕ್ಕಿಲ್ಲ ನನಗೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ ಅಲ್ವಾ?

ಹಿಂದಿನ ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿಯುವ ಸರಳು, ಟ್ರ್ಯಾಕ್ ಬಾರ್, ಅದನ್ನು ಎತ್ತಿದರೂ ಹಿಂಬದಿ ಲೂಸ್ ಆಗುತ್ತದೆ. ನಾಸ್ಕಾರ್‌ನ ಮೇಲ್ಮಟ್ಟದ ಕಪ್ ಸರಣಿಯ ನಿಜವಾದ ಕಾರುಗಳಲ್ಲಿ 2022ರಿಂದ ಟ್ರ್ಯಾಕ್ ಬಾರೇ ಇಲ್ಲ. ಹಾಗಾಗಿ ಹಳೇ ಕಾರಿನ ಗುಣ ತಿಳಿಯಬೇಕು ಅನ್ನುವವರಿಗೆ ಇದು ಒಳ್ಳೆಯ ಜಾಗ. 2.5 ಮೈಲಿಯ ಡೇಟೋನಾ ಟ್ರ್ಯಾಕಿನಲ್ಲಿ ಕಥೆಯೇ ಬೇರೆ. ಅಲ್ಲಿ ಇಂಜಿನ್ ತಣಿಸಲು ಗಾಳಿ ಬರುವ ಮುಂಭಾಗದ ಗ್ರಿಲ್‌ಗೆ ಟೇಪ್ ಜಾಸ್ತಿ ಹಚ್ಚಿದರೆ ವೇಗ ಸಿಗುತ್ತದೆ, ಆದರೆ ಇನ್ನೊಂದು ಕಾರಿನ ಬಾಲ ಹಿಡಿದು ಸುಮ್ನೆ ಹೋಗುತ್ತಿದ್ದರೆ ಇಂಜಿನ್ ಬಿಸಿ ಏರುತ್ತದೆ.

ಬರೀ ಓಡಿಸಿ ಎದ್ದು ಹೋಗುವವರಿಗೆ ಈ ಆಟ ಹೇಳಲಾರೆ. ತಾಳ್ಮೆ ಇದ್ದವರು ಕಣ್ಣುಮುಚ್ಚಿ ತಗೊಳ್ಳಿ. ನಾನಂತೂ ಈಗ ಡಾರ್ಲಿಂಗ್ಟನ್ ಹಿಡಿದು ಕೂತಿದ್ದೇನೆ. ಮೊಟ್ಟೆ ಆಕಾರದ ಟ್ರ್ಯಾಕ್, ಒಂದು ತುದಿ ಅಗಲ, ಇನ್ನೊಂದು ಕಿರಿದು. ಒಂದು ತುದಿಗೆ ಹದವಾದ ಕಾರು ಇನ್ನೊಂದರಲ್ಲಿ ಟೈಟ್. ಒಂದು ತಿಂಗಳಾಯ್ತು, ಇನ್ನೂ ಕೂಡಿಬಂದಿಲ್ಲ.